ಮೂಸಿ ನೋಡದ ಸೇವಂತಿಗೆ

"ನಾಕ್ ನಿಮ್ಸ ಸತ್ತೋಗಿದ್ಲು ಸಾ ನಮ್ಮವ್ವ! ನಾಕ್ ನಿಮ್ಸ! ಈಗ ನೋಡುದ್ರೆ ಎದ್ದು ಕುಂತ್ಕಂಡು ಇಡ್ಲಿ ಕೇಳ್ತಾವ್ಳೆ!"

ನಂಜನಗೂಡಿನ ಠಾಣೆಯ ಮೇಜಿನ ಮುಂದೆ ನಿಂತಿದ್ದ ನಂಜೇಶನಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಎರಡನ್ನೂ ಒಟ್ಟಿಗೇ ಮಾಡುತ್ತಿದ್ದ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ರುದ್ರಾಣಿ 'ನವೆಂಬರ್ 7, ಶುಕ್ರವಾರ, ಬೆಳಿಗ್ಗೆ 10.40' ಎಂದು ಬರೆದವಳು ಪೆನ್ನು ಎತ್ತಿ ಹಾಗೇ ಕೂತಳು. ಸತ್ತು ಎದ್ದವರ ಬಗ್ಗೆ ಯಾವ ಕಾಲಂನಲ್ಲಿ ಬರೆಯಬೇಕೆಂದು ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

"ಸತ್ತೋಗಿದ್ರು ಅಂತ ಯಾರ್ ಹೇಳಿದ್ದು?" ಸಬ್ ಇನ್‌ಸ್ಪೆಕ್ಟರ್ ಅಮೃತೇಶ್ ಕೇಳಿದರು.

"ಡಾಕ್ಟ್ರೇ ಸಾ. ನಾಡಿ ಇಲ್ಲ, ಉಸ್ರಿಲ್ಲ. ತೊಡೆಗೆ ಒಂದ್ ಸೂಜಿ ಚುಚ್ಚುದ್ರು, ಎದೆ ಮ್ಯಾಲೆ ಕೈಯಿಟ್ಟು ಒತ್ತುದ್ರು. ನಾಕ್ ನಿಮ್ಸ ಆದ್ಮೇಲೆ ಕಣ್ ಬುಟ್ಲು."

"ಏನ್ ತಿಂದಿದ್ರು?"

"ಪುಡಿ ಸಾ, ಮಂಡಿನೋವಿಂದು. ಗಿಡಮೂಲ್ಕೆ. ಎಲ್ಲಿಂದ ತಂದೆ ಅಂದ್ರೆ ಬಾಯ್ ಬುಡ್ತಾ ಇಲ್ಲ."

"ಇಡ್ಲಿ ಕೇಳಕ್ಕೆ ಬಾಯಿದೆ, ಅದನ್ನ ಹೇಳಕ್ಕಿಲ್ವ?"

"ಅದೇ ಸಾ ನನ್ ಕಂಪ್ಲೇಂಟು!"

ವಿಷಯ ಹೀಗಿತ್ತು. ಹೆಡತಲೆಯ ಜವರಮ್ಮನಿಗೆ ಐವತ್ತೆಂಟು ವರ್ಷ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಬರೀ ಹೊಟ್ಟೆಯಲ್ಲಿ ಒಂದು ಚಮಚ ಪುಡಿ ತಿನ್ನಲು ಶುರು ಮಾಡಿದಳು. ಆವತ್ತೇ ತುಟಿ ಕಡಿಯಿತು. ಬುಧವಾರ ಮೈಮೇಲೆ ದದ್ದು ಎದ್ದವು. ಗುರುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಎಲ್ಲಿಗೋ ಹೋಗಿಬಂದಳು. ಶುಕ್ರವಾರ ಬೆಳಿಗ್ಗೆ ಒಂದರ ಬದಲು ಎರಡು ಚಮಚ ತಿಂದಳು. ಹತ್ತು ನಿಮಿಷದಲ್ಲಿ ಮುಖ ಊದಿ ಕಣ್ಣು ಮುಚ್ಚಿಹೋಯಿತು, ಗಂಟಲು ಕಟ್ಟಿತು. ಮಗ ಒಂದೇ ಚಪ್ಪಲಿಯಲ್ಲಿ ಗೂಡ್ಸ್ ಆಟೋ ಓಡಿಸಿಕೊಂಡು ಆಸ್ಪತ್ರೆಗೆ ತಂದ.

ಆಸ್ಪತ್ರೆಯ ವೈದ್ಯರು ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದರು.

"ಅಲರ್ಜಿ ಸರ್. ತೀರಾ ಜೋರಾದ್ದು. ಮೈಗೆ ಒಂದು ವಸ್ತು ಹಿಡಿಸಲ್ಲ ಅಂದ್ರೆ ಅದನ್ನ ಶತ್ರು ಅಂದ್ಕೊಂಡು ಇಡೀ ದೇಹ ಯುದ್ಧಕ್ಕೆ ನಿಂತ್ಬಿಡುತ್ತೆ. ಗಿಡಮೂಲಿಕೆ, ಏನೂ ಮಾಡಲ್ಲ ಅಂತಾರೆ ಜನ. ಒಬ್ಬರಿಗೆ ಏನೂ ಮಾಡದೇ ಇರೋದು ಇನ್ನೊಬ್ಬರನ್ನ ಕೊಂದೇ ಹಾಕಬಹುದು. ಇವತ್ತು ಇವರು ಉಳಿದ್ರು. ಇದೇ ಪುಡಿ ಇನ್ನೂ ಎಷ್ಟು ಮನೇಲಿದೆಯೋ."

ರುದ್ರಾಣಿ ಮಂಚದ ಕಡೆ ನೋಡಿದಳು. ಜವರಮ್ಮ ದಿಂಬಿಗೆ ಒರಗಿ, ಊದಿದ ಬೆರಳುಗಳಲ್ಲಿ ಇಡ್ಲಿ ಮುರಿಯುತ್ತಿದ್ದಳು. ಮೂರು ಗಂಟೆಯ ಹಿಂದೆ ಈ ಕೈಯಲ್ಲಿ ನಾಡಿ ಇರಲಿಲ್ಲ! ಒಂದು ಸೂಜಿ, ಬೆರಳುದ್ದದ್ದು, ಹೋಗಿದ್ದವಳನ್ನು ಕೈಹಿಡಿದು ಕರೆತಂದಿತ್ತು.

"ಪುಡಿ ಯಾರ್ ಕೊಟ್ರು ಅಜ್ಜಿ?"

"ಏಳ್ಬಾರ್ದು ಕಣವ್ವ. ಔಸ್ದಿ ಎಸ್ರು ಏಳುದ್ರೆ ಗುಣ ಓಯ್ತದೆ. ಕೊಟ್ಟೋರ್ ಎಸ್ರೂ ಅಷ್ಟೇಯ."

"ನೀವು ಸತ್ತೇ ಓಗಿದ್ರಲ್ಲ!"

"ಸತ್ರೂ ಎದ್ದಿಲ್ವಾ? ಅದೂ ಆ ಪುಡಿ ಗುಣನೇ ಇರ್ಬೈದು."

ಅಮೃತೇಶ್ ಕೆಮ್ಮಿ ಕಿಟಕಿಯ ಕಡೆ ತಿರುಗಿಕೊಂಡರು.

ಮಧ್ಯಾಹ್ನ 12.15ಕ್ಕೆ ಪಂಚನಾಮೆ ಆಯಿತು. ಜವರಮ್ಮನ ಬಟ್ಟೆಚೀಲದಲ್ಲಿ ಬಾಳೆನಾರಿನಿಂದ ಕಟ್ಟಿದ ಪೊಟ್ಟಣ, ಅರ್ಧ ಖಾಲಿಯಾಗಿದ್ದದ್ದು. ತಳದಲ್ಲಿ ಬಾಡಿದ ಸೇವಂತಿಗೆಯ ಎಸಳು. "ಊ ದೇವ್ರಿಗೆ. ಪುಡಿ ಬೇಕಾದೋರು ಒಂದ್ ಸ್ಯಾವಂತ್ಗೆ ತಕ್ಕಂಡ್ ಓಗ್ಬೇಕು, ಅದೇ ಕಟ್ಲೆ," ಎಂದಳು ಜವರಮ್ಮ. ಇಷ್ಟು ಹೇಳಿದರೆ ಗುಣ ಹೋಗುವುದಿಲ್ಲವೆಂದು ಅವಳ ಲೆಕ್ಕ. ಸೆರಗಿನ ಗಂಟಿನಲ್ಲಿ ಹೆಂಗಸರ ಉಚಿತ ಪ್ರಯಾಣದ ಶೂನ್ಯ ಟಿಕೆಟ್ ಸಿಕ್ಕಿತು. ನವೆಂಬರ್ 6, ನಂಜನಗೂಡಿನಿಂದ ತಿ. ನರಸೀಪುರ.

ಪೊಟ್ಟಣದ ಕಾಗದ ಗಣಿತದ ಉತ್ತರ ಪತ್ರಿಕೆ. ಹೆಸರು ಶ್ವೇತ, ಒಂಬತ್ತನೇ ತರಗತಿ 'ಬಿ'. ಇಪ್ಪತ್ತಕ್ಕೆ ಏಳು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದುಂಡಗೆ: 'ಗಮನ ಕೊಡು'.

"ಬಾಯಿ ಬಿಡಲ್ಲ ಅಂದೋರ ಸೆರಗು ಎಷ್ಟು ಮಾತಾಡ್ತು ನೋಡು," ಎಂದರು ಅಮೃತೇಶ್. ಎರಡು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ಪುಡಿಯ ಒಂದು ಭಾಗವನ್ನು ಮೊಹರು ಮಾಡಿ ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರಲು ವಾರಗಳೇ ಬೇಕು.

ಸಂಜೆ ರುದ್ರಾಣಿ ಸೋಮನಾಥಪುರಕ್ಕೆ ಫೋನ್ ಮಾಡಿದಳು. ಅಲ್ಲಿ ಅವಳ ತಾಯಿ ಚನ್ನಬಸಮ್ಮ ದೇವಸ್ಥಾನ ನೋಡಲು ಬರುವವರಿಗೆ ಹೂ ಮಾರುತ್ತಿದ್ದಳು.

"ಉಂಡ್ಯಾ ಅವ್ವ?"

"ಉಂಡೆ. ನೋಡು, ಬಾನ್ವಾರ ಫೋನ್ ಮಾಡ್ಬ್ಯಾಡ. ಬೆಳಿಗ್ಗೆ ಒಂದ್ ಕಡೆ ಓಗ್ತೀನಿ. ಮಂಡಿಗೆ ಪುಡಿ ಕೊಡ್ತಾರಂತೆ. ಕಾರ್ತಿಕ್ ಸೋಮ್ವಾರದಿಂದ ಸುರು ಮಾಡ್ತೀನಿ."

ರುದ್ರಾಣಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಸೇವಂತ್ಗೆ ತಕ್ಕಂಡ್ ಓಗ್ಬೇಕಾ?"

"ಅದೆಂಗ್ ಗೊತ್ತಾಯ್ತು ನಿಂಗೆ!"

"ಅವ್ವ, ಆ ಪುಡಿ ತಿನ್ಬ್ಯಾಡ. ಯಾರವ್ವ ಕೊಡೋದು?"

"ಏಳ್ಬಾರ್ದು ಕಣೆ."

"ಇಲ್ಲೊಬ್ರು ಸತ್ತು ಬದ್ಕವ್ರೆ. ತಿನ್ನಲ್ಲ ಅನ್ನು."

"ಆಯ್ತು ಬುಡು."

ಚನ್ನಬಸಮ್ಮನ 'ಆಯ್ತು ಬುಡು' ಎಂದರೆ ಏನೆಂದು ರುದ್ರಾಣಿಗೆ ಇಪ್ಪತ್ತಾರು ವರ್ಷದಿಂದ ಗೊತ್ತು. ಮಂಡಿನೋವಿಗೆ ಮೈಸೂರಿಗೆ ಹೋಗೋಣ ಎಂದಾಗಲೂ 'ಆಯ್ತು ಬುಡು'. ಕಳೆ ಕೀಳಲು ಹೋಗಬೇಡ, ಕೈಯೆಲ್ಲ ಗಂಧೆ ಏಳುತ್ತದೆ ಎಂದಾಗಲೂ 'ಆಯ್ತು ಬುಡು'. ಆ ಮಾತಿನ ನಂತರ ಅವಳು ಒಂದು ಸಲವೂ ಮಗಳು ಹೇಳಿದಂತೆ ಮಾಡಿದ್ದಿಲ್ಲ. ಸೋಮವಾರ ಬೆಳಿಗ್ಗೆಗೆ ಎರಡೂವರೆ ದಿನ ಉಳಿದಿತ್ತು.

ಶನಿವಾರ 10.30ಕ್ಕೆ ಅವರು ನರಸೀಪುರದಲ್ಲಿದ್ದರು. ಮೊದಲ ಪ್ರೌಢಶಾಲೆಯಲ್ಲಿ ಒಂಬತ್ತನೇ 'ಬಿ' ಇರಲಿಲ್ಲ. ಎರಡನೆಯದರಲ್ಲಿ ಮುಖ್ಯೋಪಾಧ್ಯಾಯಿನಿ ಕೆಂಪು ಶಾಯಿ ನೋಡಿದವರೇ ನಕ್ಕರು.

"ಈ 'ಗಮನ ಕೊಡು' ನಮ್ಮ ರಘೂತ್ತಮ ಮೇಷ್ಟ್ರದ್ದು. ಏನ್ಸಾರ್, ಶ್ವೇತ ಅಷ್ಟು ಕಮ್ಮಿ ತೆಗೆದಿದ್ದಕ್ಕೆ ಪೊಲೀಸ್ರು ಬರಬೇಕಾ?"

"ಅವರು ಔಷಧಿ ಕೊಡ್ತಾರಾ ಮೇಡಂ?"

"ಅವರಮ್ಮ ಸುಂದರಮ್ಮನವರು ಕೊಡ್ತಿದ್ದಿದ್ದು, ಅರವತ್ತು ವರ್ಷ. ಆಯಮ್ಮನ ಕೈಗುಣ ಅಂದ್ರೆ ಕೊಳ್ಳೇಗಾಲದಿಂದ ಬರೋರು. ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಯ್ತು. ಈಗ ಭಾನುವಾರ ಬೆಳಿಗ್ಗೆ ಮಗ ಕೊಡ್ತಾರೆ. ಒಂದು ಪೈಸೆ ಮುಟ್ಟಲ್ಲ ಸಾರ್ ಆ ಮನೆಯೋರು, ಒಂದು ತೆಂಗಿನಕಾಯೂ ಇಸ್ಕೊಳ್ಳಲ್ಲ."

ಜೀಪು ಹತ್ತುತ್ತಾ ಅಮೃತೇಶ್ ರುದ್ರಾಣಿಯ ಕಡೆ ತಿರುಗಿದರು. "ಬಿಟ್ಟಿ ಕೊಡ್ತಾನಂತೆ. ಮತ್ತೆ ಯಾಕಮ್ಮ ಎರಡು ಚಮಚ ತಿನ್ನು ಅಂದ?"

ಉತ್ತರ ಬನ್ನೂರಿನಲ್ಲಿ ಅರ್ಧ ಸಿಕ್ಕಿತು. ನಂಜನಗೂಡಿನ ವೈದ್ಯರು ತಮ್ಮ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದರು. ಅಕ್ಟೋಬರ್ ಮೊದಲ ವಾರದಲ್ಲಿ ಬನ್ನೂರಿನ ಚಿಕ್ಕಮಾದು ಎಂಬ ಕಬ್ಬಿನ ರೈತ ಇದೇ ರೀತಿ ಊದಿಕೊಂಡು ಬಂದಿದ್ದನೆಂದು ಒಬ್ಬರು ತಿಳಿಸಿದ್ದರು. ಚಿಕ್ಕಮಾದು ಗದ್ದೆಯ ಬದುವಿನಲ್ಲೇ ಹೇಳಿಕೆ ಕೊಟ್ಟ.

"ಮೊದ್ಲು ತುಟಿ ಊದ್ತು. ಮೇಷ್ಟ್ರನ್ನ ಕೇಳ್ದೆ. 'ಮೈಯೊಳಗಿನ ನಂಜು ಹೊರಕ್ಕೆ ಬರ್ತಾ ಇದೆ, ಒಳ್ಳೇದೇ, ಎರಡರಷ್ಟು ತಗೊ' ಅಂದ್ರು. ತಕ್ಕಂಡೆ. ಮೂರು ದಿನ ಆಸ್ಪತ್ರೇಲಿದ್ದೆ."

"ಆಮೇಲೆ ಅವರಿಗೆ ಹೇಳಿದ್ಯಾ?"

"ಅವ್ರೇ ಬಂದಿದ್ರು ಸಾ ಆಸ್ಪತ್ರೆಗೆ. ಕೈ ಇಡ್ಕಂಡು, 'ಯಾರಿಗೂ ಹೇಳ್ಬೇಡಪ್ಪ' ಅಂದ್ರು."

ರುದ್ರಾಣಿ ಬರೆದುಕೊಂಡಳು: ಅಕ್ಟೋಬರ್‌ನಲ್ಲೇ ಗೊತ್ತಿತ್ತು.

ನಾಲ್ಕು ಗಂಟೆಗೆ ನರಸೀಪುರಕ್ಕೆ ವಾಪಸು ಬಂದು ಕಾಲೇಜಿನ ಸಸ್ಯಶಾಸ್ತ್ರ ಉಪನ್ಯಾಸಕಿ ಮಾನ್ಯಾ ಅವರ ಮುಂದೆ ಪುಡಿಯ ಇನ್ನೊಂದು ಚಿಟಿಕೆ ಇಟ್ಟರು. ಕೋರ್ಟಿಗೆ ಇದು ಸಾಕ್ಷಿಯಲ್ಲ, ಬರೀ ದಾರಿ ಕೇಳುವುದು. ಮಾನ್ಯಾ ಗಾಜಿನ ತುಂಡಿನ ಮೇಲೆ ಪುಡಿ ಸವರಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಬಹಳ ಹೊತ್ತು ತಿರುಗಿಸಿ, "ಬನ್ನಿ, ನೀವೂ ನೋಡಿ," ಎಂದರು.

ರುದ್ರಾಣಿ ಬಗ್ಗಿದಳು.

ಹಳದಿ ಬೆಳಕಿನಲ್ಲಿ ನೂರಾರು ಉಂಡೆಗಳು. ಪ್ರತಿಯೊಂದರಲ್ಲೂ ಮೂರು ಸೀಳು, ಬಿಡಿಸಿದ ಹಲಸಿನ ತೊಳೆಗಳನ್ನು ಯಾರೋ ಮತ್ತೆ ಜೋಡಿಸಿಟ್ಟ ಹಾಗೆ. ಒಂದಕ್ಕಿಂತ ಒಂದು ಬೇರೆಯಿಲ್ಲ. ಬೆರಳಿಗೆ ಹತ್ತಿದರೆ ಒರೆಸಿ ಬಿಸಾಡುವ ಧೂಳು!

"ಹೂವಿನ ಪರಾಗ. ನನ್ನ ಅಂದಾಜು ಮಾಚಿಪತ್ರೆ. ಹೂಬಿಟ್ಟ ತುದಿ ಸಮೇತ ಒಣಗಿಸಿ ಕುಟ್ಟಿದಾರೆ. ಈಗ ಇದು," ಎಂದು ಪುಡಿಯ ಗಾಜು ತೆಗೆದು ಕಾಲೇಜಿನ ಕಪಾಟಿನ ಬೇರೆ ಗಾಜು ಇಟ್ಟರು. ಉಂಡೆಗಳ ಮೈತುಂಬ ಮುಳ್ಳು. "ಇದು ಹೊಲದಲ್ಲೆಲ್ಲ ಬೆಳೆಯೋ ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಈ ಇನ್ನೊಂದು ಗಾಜು ಸೇವಂತಿಗೆ. ಮೂರೂ ಒಂದೇ ಮನೆತನ. ವರ್ಷಗಟ್ಟಲೆ ಕಳೆ ಕಿತ್ತೋರ ಮೈ ಒಂದರ ಮೇಲೆ ಮುನಿಸ್ಕೊಂಡಿದ್ರೆ, ಅದರ ದಾಯಾದಿಗಳ ಮೇಲೂ ಮುನಿಸ್ಕೊಳ್ಳಬಹುದು. ಎಲ್ಲರಿಗೂ ಹಾಗಾಗಲ್ಲ. ಆಗೋರಿಗೆ ಈ ಪುಡಿ ಒಂದು ಚಮಚನೂ ಜಾಸ್ತಿ."

"ಕಳೆ ಕಿತ್ರೆ ಕೈಯೆಲ್ಲ ಗಂಧೆ ಏಳೋರಿಗೆ? ಸೇವಂತಿಗೆ ಕಟ್ವಾಗ ಸೀನೋರಿಗೆ?"

ಮಾನ್ಯಾ ತಲೆಯೆತ್ತಿದರು. "ಅಂಥವರು ಯಾರಾದ್ರೂ ಇದಾರಾ?"

"ನಮ್ಮವ್ವ," ಎಂದಳು ರುದ್ರಾಣಿ.

ದಾರಿಯಲ್ಲಿ ಅವಳು ಕೇಳಿಯೇಬಿಟ್ಟಳು. "ಇವತ್ತೇ ಹಿಡೀಬಾರ್ದಾ ಸರ್?"

"ಜವರಮ್ಮ ಹೆಸರು ಹೇಳ್ತಿಲ್ಲ. ಕಾಗದ ನೋಡಿದ್ರೆ ರದ್ದಿ ಅಂತಾನೆ. ಅವನ ಕೈಯಿಂದ ಪೊಟ್ಟಣ ದಾಟೋದನ್ನ ಪಂಚರು ನೋಡ್ಬೇಕು. ನಾಳೆ ಕೊಟ್ಟಿದ್ದನ್ನ ನಾಳೇನೇ ವಾಪಸ್ ತಗೊಳ್ಳೋಣ. ಸೋಮವಾರ ಬರೀ ಹೊಟ್ಟೇಲಿ ತಾನೆ ಶುರು ಮಾಡೋದು, ನಾಡಿದ್ದು ಬೆಳಿಗ್ಗೆ ತನಕ ಯಾರ ಬಾಯಿಗೂ ಹೋಗಲ್ಲ." ಅವಳ ಮುಖ ನೋಡಿ, "ನಿಮ್ಮವ್ವನ ಬಾಯಿಗೂ," ಎಂದರು.

ಭಾನುವಾರ, ನವೆಂಬರ್ 9, ಬೆಳಿಗ್ಗೆ 8.20. ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ರಘೂತ್ತಮ ಮೇಷ್ಟ್ರ ಮನೆ. ಜಗಲಿಯಿಂದ ಬೀದಿ ತಿರುವಿನವರೆಗೆ ಸಾಲು. ನಲವತ್ತು ಜನ ಇದ್ದಾರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಸೇವಂತಿಗೆ, ಹಳದಿ, ಬಿಳಿ. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ, ಮುಂದಿನವರ ಮುಖ ಕಾಣದಷ್ಟು ಹಿಂದೆ ಮಫ್ತಿಯಲ್ಲಿ ನಿಂತಿದ್ದ ರುದ್ರಾಣಿಗೆ ಒಂದು ಕ್ಷಣ ತಾನು ಬಂದ ಕೆಲಸವೇ ಮರೆತಂತಾಯಿತು. ಇಷ್ಟು ಜನರ ನಂಬಿಕೆ ಒಂದೇ ಸಾಲಿನಲ್ಲಿ ನಿಂತದ್ದನ್ನು ಅವಳು ಕಂಡಿರಲಿಲ್ಲ.

ಐವತ್ತು ದಾಟಿದ ರಘೂತ್ತಮ ಪಂಚೆಯುಟ್ಟು ಮಣೆಯ ಮೇಲೆ ಕೂತಿದ್ದರು. ಹೂ ಇಸಿದುಕೊಳ್ಳುವುದು, ಪಕ್ಕದ ಬುಟ್ಟಿಗೆ ಹಾಕುವುದು, ಪೊಟ್ಟಣ ಕೊಡುವುದು. ಒಬ್ಬರಿಗೆ ಅರ್ಧ ನಿಮಿಷ. ಕೊಟ್ಟಾಗಲೆಲ್ಲ ಜನ ಕೈಮುಗಿದು, ಬಸ್ಸಿಗೆ ಕಾಯಲು ಜಗಲಿಯ ಕೊನೆಯಲ್ಲಿ ಕೂರುತ್ತಿದ್ದರು; ಕೈಮುಗಿದಾಗ ಮೇಷ್ಟ್ರ ಮುಖ ಮಕ್ಕಳ ಮುಖದ ಹಾಗೆ ಅರಳುತ್ತಿತ್ತು.

ಹನ್ನೊಂದನೇ ಪೊಟ್ಟಣ ದಾಟಿದ ಮೇಲೆ ಅಮೃತೇಶ್ ರುದ್ರಾಣಿ ಮತ್ತು ಇಬ್ಬರು ಪಂಚರೊಂದಿಗೆ ಮುಂದೆ ಹೋದರು.

"ಮೇಷ್ಟ್ರೇ, ನಂಜನಗೂಡು ಪೊಲೀಸ್. ಹೆಡತಲೆ ಜವರಮ್ಮ ಗೊತ್ತಾ?"

ಮೇಷ್ಟ್ರ ಕೈಯಲ್ಲಿದ್ದ ಹೂ ಬಿತ್ತು. "ಹೋಗ್ಬಿಟ್ರಾ?"

ಅವರು 'ಯಾರು' ಎಂದು ಕೇಳಲಿಲ್ಲ, 'ಏನಾಯಿತು' ಎನ್ನಲಿಲ್ಲ. ಅದನ್ನು ರುದ್ರಾಣಿ ಗಮನಿಸಿದಳು.

"ಬದುಕಿದಾರೆ. ಗುರುವಾರ ಬಂದಾಗ ಎರಡು ಚಮಚ ತಗೊಳ್ಳಿ ಅಂದ್ರಾ?"

"...ಅಂದೆ."

"ಚಿಕ್ಕಮಾದುಗೆ ಹಂಗಾದ್ಮೇಲೂ?"

ಮೇಷ್ಟ್ರು ಬಿದ್ದ ಹೂ ಎತ್ತಿ ಬುಟ್ಟಿಗೆ ಹಾಕಿದರು. ಸಾಲಿನಲ್ಲಿ ಗುಸುಗುಸು ಎದ್ದಿತು. "ದೇವ್ರಂಥೋರ್ನ ಏನ್ರೀ ಕೇಳ್ತೀರಿ!" ಎಂದು ಜಗಲಿಯ ಕೊನೆಯಿಂದ ಒಂದು ಗಂಟಲು ಜೋರಾಗಿ ಕೇಳಿತು. ರುದ್ರಾಣಿಗೆ ಆ ಗಂಟಲು ಎಲ್ಲಿದ್ದರೂ ಗೊತ್ತಾಗುತ್ತಿತ್ತು.

"ಅವ್ವ! ತಕ್ಕಂಡಾಯ್ತಾ?"

"ಸಾಲಲ್ಲಿ ಮೂರ್ನೇಯವ್ಳೇ ನಾನು. ಬಸ್ಸು ಇನ್ನೂ ಬಂದಿಲ್ಲ ಅಂತ ಕುಂತಿವ್ನಿ." ಚನ್ನಬಸಮ್ಮ ಎರಡೂ ಕೈಯಿಂದ ಮಡಿಲು ಗಟ್ಟಿಯಾಗಿ ಹಿಡಿದುಕೊಂಡಳು. "ಮುಟ್ಬ್ಯಾಡ ನೀನು. ಪೊಲೀಸ್ ಆದ್ರೆ ನಿನ್ ಠಾಣೇಲಿ."

"ಕೊಡವ್ವ ಅದ್ನ."

"ಆಯ್ತು ಬುಡು," ಎಂದಳು. ಕೊಡಲಿಲ್ಲ.

ಆಗ ಒಳಗಿನಿಂದ ಗೋಡೆ ಹಿಡಿದುಕೊಂಡು ಒಬ್ಬ ಮುದುಕಿ ಹೊರಬಂದರು. ಬೆಳ್ಳಗಿನ ಕಣ್ಣು, ಕಡ್ಡಿಯಂಥ ಮೈ. ಸುಂದರಮ್ಮ. ಸಾಲಿನಲ್ಲಿದ್ದವರು ಕೈಮುಗಿದರು.

"ರಘು, ಹೂ ಮೂಸಿಸ್ದ್ಯೇನೋ ಇವರಿಗೆಲ್ಲ?"

ಮಗ ತಲೆ ತಗ್ಗಿಸಿದರು. ತಲೆ ತಗ್ಗಿಸಿದ್ದು ಕಾಣದಿದ್ದರೂ ಮುದುಕಿಗೆ ತಿಳಿಯಿತು. ಕೈಚಾಚಿ ಬುಟ್ಟಿಯನ್ನು ತಡವಿದರು. ನಲುಗದ, ಉಜ್ಜದ ಹೂಗಳು.

"ಹೂವು ಯಾಕೆ ಅಜ್ಜಿ? ದೇವ್ರಿಗಲ್ವಾ?" ರುದ್ರಾಣಿ ಕೇಳಿದಳು. ಸೂಕ್ಷ್ಮದರ್ಶಕದ ಮುಳ್ಳುಂಡೆಗಳು ಕಣ್ಣಮುಂದೆ ತಿರುಗುತ್ತಿದ್ದವು; ಏನೋ ಒಂದು ಈಗಲೋ ಆಗಲೋ ಅರ್ಥವಾಗುವಂತಿತ್ತು.

"ದೇವರಿಗೆ ಅಂತ ಜನ ಅಂದ್ಕೊಂಡ್ರು. ನಾನೂ ಬಿಡಿಸಿ ಹೇಳ್ಲಿಲ್ಲ. ಬಂದೋರ ಕೈಲಿ ಹೂವ ಮೂಸಿಸ್ತಿದ್ದೆ. ಮುಂಗೈ ಒಳಗಡೆ ಉಜ್ಜಿ, ಅರ್ಧ ಗಂಟೆ ಜಗಲೀಲಿ ಕೂರಿಸ್ತಿದ್ದೆ. ಸೀನಿದೋರು, ಕೆರ್ಕೊಂಡೋರು, ಅವರಿಗೆ ನನ್ನ ಪುಡಿ ಆಗಿಬರಲ್ಲ. ಕೈಮುಗಿದು ವಾಪಸ್ ಕಳಿಸೋದು. ನಮ್ಮತ್ತೆ ಹೇಳ್ಕೊಟ್ಟಿದ್ದು, ಅವರಿಗೆ ಅವರತ್ತೆ. ಇವನಿಗೂ ಹೇಳಿದ್ದೆ."

ರುದ್ರಾಣಿ ಬುಟ್ಟಿಯ ಹೂಗಳನ್ನೇ ನೋಡಿದಳು. ಅಕ್ಷರ ಬರೆಯದ, ಯಾವ ಗಾಜಿನೊಳಗೂ ಬಗ್ಗಿ ನೋಡದ ಹೆಂಗಸರು! ಮಾಚಿಪತ್ರೆಗೂ ಸೇವಂತಿಗೆಗೂ ಇರುವ ನಂಟನ್ನು ಬರೀ ಮೂಗಿನಿಂದ, ಬರೀ ಮುಂಗೈಯಿಂದ ಕಂಡುಹಿಡಿದು, ಅತ್ತೆಯಿಂದ ಸೊಸೆಗೆ ದಾಟಿಸಿಕೊಂಡು ಬಂದಿದ್ದರು. ನಿನ್ನೆ ಮಾನ್ಯಾ ಮೇಡಂ ಅಷ್ಟು ದೊಡ್ಡ ಯಂತ್ರದಲ್ಲಿ ತೋರಿಸಿದ್ದು ಈ ಜಗಲಿಯ ಮೇಲೆ ನೂರು ವರ್ಷದಿಂದ ಒಂದು ಹೂವಿನಲ್ಲಿತ್ತು.

"ಅಜ್ಜಿ, ನಮ್ಮವ್ವನ ಕೈ ನೋಡ್ತೀರಾ?"

ಸುಂದರಮ್ಮ ಬುಟ್ಟಿಯಿಂದ ಒಂದು ಹೂ ಆರಿಸಿ, ಚನ್ನಬಸಮ್ಮನ ಮುಂಗೈ ಹುಡುಕಿ, ಮೆಲ್ಲಗೆ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಚನ್ನಬಸಮ್ಮ ಒಂದು ಸೀನು ಸೀನಿದಳು. ಎರಡು. ಮೂರು. ಅಮೃತೇಶ್ ಜಪ್ತಿಯ ಪಟ್ಟಿ ಬರೆಯುತ್ತಿದ್ದರೆ ಎಲ್ಲರೂ ಕಾದರು. ಹತ್ತು ನಿಮಿಷ ಕೂಡ ಬೇಕಾಗಲಿಲ್ಲ. ಮುಂಗೈಯಲ್ಲಿ ಎಸಳು ತಾಗಿದ್ದಷ್ಟೇ ಜಾಗ ಕೆಂಪಗೆ ಉಬ್ಬಿ ಬಂತು. ಮುದುಕಿ ಬೆರಳಿನಿಂದ ಆ ಉಬ್ಬು ಸವರಿದರು.

"ನಿನಗೆ ಬೇಡ ಕಣಮ್ಮ. ತಿಂದ್ರೆ ಹೋಗ್ಬಿಡ್ತೀಯ."

ಚನ್ನಬಸಮ್ಮ ತನ್ನ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ "ಆಯ್ತು ಬುಡವ್ವ," ಎಂದಳು. ಮಡಿಲು ಬಿಚ್ಚಿ ಪೊಟ್ಟಣವನ್ನು ಮಗಳ ಕೈಯಲ್ಲಿಟ್ಟಳು.

ಅದನ್ನು ನೋಡಿ ಉಳಿದ ಹತ್ತು ಜನವೂ ಒಬ್ಬೊಬ್ಬರಾಗಿ ತಂದಿಟ್ಟರು. ಹಿಂದಿನ ವಾರಗಳಲ್ಲಿ ಕೊಂಡುಹೋದವರ ಹೆಸರುಗಳನ್ನು ಮೇಷ್ಟ್ರು ತಾವೇ ನೆನೆದು ಹೇಳಿದರು. ಅಮೃತೇಶ್ ಊರೂರಿಗೂ ಫೋನ್ ಹಚ್ಚಿದರು. 9.25ಕ್ಕೆ ಬಂಧನದ ಪತ್ರಕ್ಕೆ ರಘೂತ್ತಮ ಸಹಿ ಹಾಕಿದರು. ಭಾರತೀಯ ನ್ಯಾಯ ಸಂಹಿತೆಯ ಕಲಂ 125, ಪ್ರಾಣಕ್ಕೆ ಅಪಾಯ ತರುವ ಕೃತ್ಯ.

"ಒಂದು ಪೈಸೆ ಮುಟ್ಟಲ್ಲ. ಕಲಿಸಿದ್ದೂ ಗೊತ್ತು. ಯಾಕ್ ಮೇಷ್ಟ್ರೇ?" ಅಮೃತೇಶರ ದನಿಯಲ್ಲಿ ಈಗ ಪೊಲೀಸು ಇರಲಿಲ್ಲ.

ರಘೂತ್ತಮ ಪೆನ್ನು ವಾಪಸು ಕೊಡುತ್ತಾ ಹೇಳಿದರು. "ಅಮ್ಮ ಆಗಲ್ಲ ಅಂದ್ರೆ ಜನ ನಮಸ್ಕಾರ ಮಾಡಿ ಹೋಗೋರು. ನಾನು ಮೊದಲನೇ ಭಾನುವಾರ ಒಬ್ಬನಿಗೆ ಆಗಲ್ಲ ಅಂದೆ. ಅವನು ಮೆಟ್ಟಿಲಿಳೀತಾ, 'ಈವಯ್ಯಂಗೆ ಅವ್ವನ್ ಕೈಗುಣ ಬಂದಿಲ್ಲ ಕಣ್ಲಾ' ಅಂದ. ಎಲ್ಲರಿಗೂ ಕೇಳಿಸ್ತು. ಆವತ್ತಿಂದ ನಾನು ಯಾರಿಗೂ ಇಲ್ಲ ಅನ್ಲಿಲ್ಲ. ತುಟಿ ಊದಿದೋರು ಬಂದಾಗ್ಲೂ ತಪ್ಪಾಯ್ತು ಅನ್ನಕ್ಕೆ ಬಾಯಿ ಬರ್ಲಿಲ್ಲ."

ಜೀಪು ಹತ್ತುವ ಮುಂಚೆ ಅವರು ತಾಯಿಯ ಕಾಲು ಮುಟ್ಟಿದರು. ಸುಂದರಮ್ಮ ಮಗನ ತಲೆಯ ಮೇಲೆ ಕೈಯಿಟ್ಟರು.

ಸಾಲು ಕರಗಿತು. ರುದ್ರಾಣಿ ಪೊಟ್ಟಣಗಳಿಗೆ ಮೊಹರು ಹಾಕುತ್ತಿದ್ದಾಗ ಮುದುಕಿ ಕರೆದರು.

"ಆ ಹೆಡತಲೆಯೋಳಿಗೆ ಮದ್ದು ಮಾಡೋ ಡಾಕ್ಟ್ರಿಗೆ ಪುಡೀಲಿ ಏನಿದೆ ಅಂತ ಗೊತ್ತಾಗ್ಬೇಕಲ್ವೇನಮ್ಮ?"

"ಬೇಕು ಅಜ್ಜಿ. ಆದ್ರೆ ಹೆಸರು ಹೇಳುದ್ರೆ ಗುಣ ಓಯ್ತದೆ ಅಂತ..."

"ಹೋಗ್ಲಿ ಬಿಡು," ಎಂದರು ಸುಂದರಮ್ಮ. "ಜೀವಕ್ಕಿಂತ ಹೆಚ್ಚೇ? ಐದು ಗಿಡ. ಅರವತ್ತು ವರ್ಷದಲ್ಲಿ ಒಂದರ ಹೆಸರೂ ಬಾಯಲ್ಲಿ ಆಡಿಲ್ಲ ನಾನು. ಮುಟ್ಟದೆ ಹೇಳಕ್ಕೆ ಬರಲ್ಲ, ನನ್ನ ಹೊಳೆದಂಡೆಗೆ ಕರ್ಕೊಂಡ್ ಹೋಗ್ಬೇಕು. ಬಿಸಿಲೇರಿದ್ರೆ ವಾಸನೆ ತಿಳಿಯಲ್ಲ. ಎಷ್ಟೊತ್ತಿಗೆ ಬರ್ತೀಯ?"

"ನಾಳೆ ಬೆಳಿಗ್ಗೆ ಆರಕ್ಕೆ ಬತ್ತೀನಿ ಅಜ್ಜಿ. ಗಾಜಲ್ಲಿ ಗಿಡ ನೋಡೋ ಮೇಡಂ ಒಬ್ರವ್ರೆ, ಅವ್ರನ್ನೂ ಕರ್ಕೊಂಡ್ ಬರ್ಲಾ?"

"ಕರ್ಕೊಂಡ್ ಬಾ. ಪೆನ್ನು ಪುಸ್ತಕ ಮರೀಬೇಡ. ಒಂದೊಂದ್ ಸಲಾನೇ ಹೇಳೋದು ನಾನು."

ರುದ್ರಾಣಿ ಜೇಬಿನ ಪುಸ್ತಕ ತೆಗೆದು ಅಲ್ಲೇ ನಿಂತು ಬರೆದುಕೊಂಡಳು: ನವೆಂಬರ್ 10, ಸೋಮವಾರ, ಬೆಳಿಗ್ಗೆ 6.00. ಹೊಳೆದಂಡೆ.